ಕ್ಲಬ್‌ರೂಟ್ ರೋಗನಿರೋಧಕತೆಯ ಪರೀಕ್ಷೆ

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ, ಟರ್ನಿಪ್, ಸಾಸಿವೆ, ಕನೋಲಾ ಮೊದಲಾದ ಬ್ರಾಸಿಕಾ ಬೆಳೆಗಳ ಬೇರಿಗೆ ಬರುವ ಮುಖ್ಯ ರೋಗಗಳಲ್ಲಿ ಕ್ಲಬ್‌ರೂಟ್ ಒಂದು. ರೋಗ ಹತ್ತಿದ ಬೇರು ಊದಿ, ತಿರುಚಿಕೊಂಡು, ಗದೆಯ ಆಕಾರಕ್ಕೆ ಬರುವುದರಿಂದ ಇದನ್ನು ಗದೆಬೇರು ರೋಗ ಎಂದೂ ಕರೆಯಬಹುದು. ಒಂದು ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆಯೇ, ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂದು ತಿಳಿಯಲು ಸಸಿಗಳಿಗೆ ಬೇಕೆಂದೇ ರೋಗ ಹತ್ತಿಸಿ, ಬೇರು ಕಿತ್ತು ನೋಡಿ, ಅಂಕ ಹಾಕುವ ಕ್ರಮವೇ ರೋಗನಿರೋಧಕತೆಯ ಪರೀಕ್ಷೆ. ಹೇಳಲು ಇಷ್ಟೇ. ಆದರೆ 'ಈ ತಳಿಗೆ ರೋಗ ಬರುವುದಿಲ್ಲ' ಎಂಬ ಮಾತು ಇಲ್ಲಿ ಯಾವಾಗಲೂ ಅರ್ಧ ವಾಕ್ಯ. ಯಾವ ಊರಿನ ರೋಗಾಣುವಿಗೆ, ಎಂಥ ಮಣ್ಣಿನಲ್ಲಿ, ಎಷ್ಟು ಬೀಜಕಣ ಬೆರೆಸಿದಾಗ ಎಂಬುದನ್ನು ಸೇರಿಸಿದಾಗಲೇ ಅದು ಪೂರ್ತಿಯಾಗುತ್ತದೆ. ಈ ಪರೀಕ್ಷೆಗಳ ಇತಿಹಾಸವೆಂದರೆ ಬಹುಮಟ್ಟಿಗೆ ಆ ವಾಕ್ಯವನ್ನು ಪೂರ್ತಿ ಮಾಡಲು ನಡೆದ ಪ್ರಯತ್ನಗಳ ಇತಿಹಾಸ.

ರೋಗಾಣು

ರೋಗಕ್ಕೆ ಕಾರಣ ಪ್ಲಾಸ್ಮೋಡಿಯೋಫೋರ ಬ್ರಾಸಿಕೇ ಎಂಬ ಸೂಕ್ಷ್ಮಜೀವಿ. 1870ರ ದಶಕದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಸುತ್ತಲಿನ ಕೋಸಿನ ತೋಟಗಳು ಈ ರೋಗದಿಂದ ಹಾಳಾದವು. ಕಾರಣ ಹುಡುಕಲು ಹೊರಟ ಮಿಖಾಯಿಲ್ ವೊರೊನಿನ್ ಹಲವು ವರ್ಷ ಬೇರುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, 1878ರಲ್ಲಿ ತನ್ನ ವಿವರಣೆಯನ್ನು ಪ್ರಕಟಿಸಿದ. ಬಹುಕಾಲ ಇದನ್ನು ಶಿಲೀಂಧ್ರ ಎಂದೇ ಎಣಿಸಿದ್ದರು. ಇಂದಿನ ವರ್ಗೀಕರಣದಲ್ಲಿ ಇದು ಶಿಲೀಂಧ್ರವಲ್ಲ, ರೈಜೇರಿಯಾ ಎಂಬ ಗುಂಪಿಗೆ ಸೇರಿದ ಪ್ರೊಟಿಸ್ಟ್. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಶಿಲೀಂಧ್ರಕ್ಕೆಂದು ತಯಾರಾದ ಬಹಳಷ್ಟು ಔಷಧಿಗಳು ಇದರ ಮೇಲೆ ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ. ರೈತ ರೋಗನಿರೋಧಕ ತಳಿಯನ್ನೇ ಹೆಚ್ಚಾಗಿ ನಂಬಬೇಕಾಗಿ ಬಂದಿರುವುದಕ್ಕೆ, ಹಾಗಾಗಿ ಈ ಪರೀಕ್ಷೆಗಳಿಗೆ ಇಷ್ಟೊಂದು ಮಹತ್ವ ಬಂದಿರುವುದಕ್ಕೆ, ಇದೂ ಒಂದು ಕಾರಣ.

ಮಣ್ಣಿನಲ್ಲಿ ಇದು ಸುಪ್ತ ಬೀಜಕಣಗಳ ರೂಪದಲ್ಲಿ ಕಾದಿರುತ್ತದೆ. ಒಂದೊಂದು ಬೀಜಕಣದ ಅಡ್ಡಳತೆ ಸುಮಾರು 3 ಮೈಕ್ರಾನ್. ಆತಿಥೇಯ ಗಿಡದ ಬೇರು ಹತ್ತಿರ ಬಂದಾಗ ಬೀಜಕಣ ಮೊಳೆತು, ಬಾಲವಿರುವ ಚರಬೀಜಕಣ ಹೊರಬಂದು, ಮಣ್ಣಿನ ತೇವದಲ್ಲಿ ಈಜಿ ಬೇರುರೋಮದ ಒಳಹೊಗುತ್ತದೆ. ಇದು ಮೊದಲ ಹಂತ. ಅಲ್ಲಿ ಹುಟ್ಟುವ ಎರಡನೆಯ ತಲೆಮಾರಿನ ಚರಬೀಜಕಣಗಳು ಬೇರಿನ ತೊಗಟೆಯ ಕೋಶಗಳಿಗೆ ನುಗ್ಗುವುದು ಎರಡನೆಯ ಹಂತ. ಆಗ ಆಕ್ಸಿನ್, ಸೈಟೊಕೈನಿನ್ ಎಂಬ ಬೆಳವಣಿಗೆಯ ಹಾರ್ಮೋನುಗಳ ಲೆಕ್ಕ ತಪ್ಪಿ, ಕೋಶಗಳು ಹಿಗ್ಗಿ, ಮಿತಿಮೀರಿ ವಿಭಜನೆಗೊಂಡು ಗಂಟು ಕಟ್ಟುತ್ತವೆ. ಗಂಟು ಕೊಳೆತಾಗ ಕೋಟಿಗಟ್ಟಲೆ ಸುಪ್ತ ಬೀಜಕಣಗಳು ಮತ್ತೆ ಮಣ್ಣು ಸೇರುತ್ತವೆ. ಸ್ವೀಡನ್ನಿನಲ್ಲಿ ನಡೆದ ಅಧ್ಯಯನವೊಂದು, 1996ರಲ್ಲಿ ಪ್ರಕಟವಾದದ್ದು, ಮಣ್ಣಿನಲ್ಲಿ ರೋಗದ ಪ್ರಮಾಣ ಅರ್ಧಕ್ಕೆ ಇಳಿಯಲು 3.6 ವರ್ಷ, ಪತ್ತೆಗೆ ಸಿಗದಷ್ಟು ಇಳಿಯಲು 17 ವರ್ಷಕ್ಕೂ ಹೆಚ್ಚು ಬೇಕೆಂದು ಲೆಕ್ಕ ಹಾಕಿತು. ಮೊದಲೆರಡು ವರ್ಷಗಳಲ್ಲಿಯೇ ಬೀಜಕಣಗಳಲ್ಲಿ ದೊಡ್ಡ ಪಾಲು ಸಾಯುತ್ತದೆ, ಉಳಿದ ಸ್ವಲ್ಪ ಮಾತ್ರ ಬಹುಕಾಲ ಹಟಹಿಡಿದು ಕೂರುತ್ತದೆ ಎಂದು ಆಮೇಲಿನ ಕೆನಡಾದ ಕೆಲಸ ತೋರಿಸಿತು.

ಪರೀಕ್ಷಕನಿಗೆ ಈ ಜೀವನಚಕ್ರದಲ್ಲಿ ಮೂರು ಸಂಗತಿಗಳು ಮುಖ್ಯ. ಈ ಜೀವಿಯನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಆಹಾರ ಹಾಕಿ ಬೆಳೆಸಲಾಗದು, ಜೀವಂತ ಗಿಡವೇ ಬೇಕು. ಬೇರುರೋಮದ ಸೋಂಕು ರೋಗನಿರೋಧಕ ತಳಿಗಳಲ್ಲೂ ಆಗುತ್ತದೆ, ಅಷ್ಟೇ ಏಕೆ, ಬ್ರಾಸಿಕಾಕ್ಕೆ ನೆಂಟಸ್ತಿಕೆಯೇ ಇಲ್ಲದ ರೈಗ್ರಾಸ್ ಹುಲ್ಲಿನಲ್ಲೂ ಆಗುತ್ತದೆ. ಆದ್ದರಿಂದ ಮೊದಲ ವಾರದಲ್ಲಿ ಬೇರುರೋಮ ನೋಡಿ ತೀರ್ಪು ಕೊಡುವಂತಿಲ್ಲ. ಕೊನೆಯದಾಗಿ, ನೆಲದ ಮೇಲೆ ಕಾಣುವ ಲಕ್ಷಣ ಏನೇನೂ ಸಾಲದು. ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಗಿಡಕ್ಕೆ ನೀರು ಸಾಲದೆಂದು ರೈತ ನೀರು ಬಿಡುತ್ತಾನೆ. ಆ ನೀರು ರೋಗಕ್ಕೇ ಅನುಕೂಲ.

ಹಸಿರುಮನೆಯಲ್ಲಿ

ಪರೀಕ್ಷೆಯ ಕಚ್ಚಾ ಸಾಮಗ್ರಿ ಗಂಟು. ಹೊಲದಿಂದ ಕಿತ್ತು ತಂದ ಗಂಟುಗಳನ್ನು ತೊಳೆದು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇಕಾದಾಗ ಕರಗಿಸಿ, ಅಡುಗೆಮನೆಯ ಮಿಕ್ಸಿಯಂಥದ್ದರಲ್ಲೇ ನೀರು ಹಾಕಿ ರುಬ್ಬಿ, ಹಲವು ಪದರದ ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಕೊಳೆತ ಕೋಸಿನ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಬಟ್ಟೆಯಿಂದ ಇಳಿದ ಮಸುಕು ನೀರಿನಲ್ಲಿ ಬೀಜಕಣಗಳಿರುತ್ತವೆ. ರಕ್ತಕಣ ಎಣಿಸಲು ಬಳಸುವ ಚೌಕಳಿ ಗೆರೆಯ ಗಾಜಿನ ಮೇಲೆ ಒಂದು ಹನಿ ಇಟ್ಟು, ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಮಿಲಿಲೀಟರಿಗೆ ಸಾಮಾನ್ಯವಾಗಿ ಒಂದು ಕೋಟಿ ಬೀಜಕಣ ಬರುವಂತೆ ನೀರು ಬೆರೆಸಿ ಹದ ಮಾಡುತ್ತಾರೆ.

ಸುಮಾರು ಒಂದು ವಾರದ ಸಸಿಗಳ ಬೇರನ್ನು ಈ ದ್ರಾವಣದಲ್ಲಿ ಹತ್ತು ಸೆಕೆಂಡಿನಷ್ಟು ಅದ್ದಿ ಕುಂಡಕ್ಕೆ ನೆಡುವುದು ಒಂದು ಪದ್ಧತಿ. ನೆಟ್ಟ ಸಸಿಯ ಬುಡಕ್ಕೆ ಪಿಪೆಟ್ಟಿನಿಂದ ಒಂದು ಮಿಲಿಲೀಟರ್ ಹನಿಸುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡುವವರೂ ಇದ್ದಾರೆ. ರೋಗ ಹೊತ್ತ ಮಣ್ಣನ್ನೇ ಕುಂಡಕ್ಕೆ ತುಂಬಿ ಬೀಜ ಬಿತ್ತುವುದು ಹೊಲದ ಪರಿಸ್ಥಿತಿಗೆ ಹೆಚ್ಚು ಹತ್ತಿರ, ಆದರೆ ಪ್ರತಿ ಕುಂಡಕ್ಕೂ ಒಂದೇ ಪ್ರಮಾಣದ ರೋಗ ಬಿತ್ತೆಂದು ಹೇಳುವುದು ಕಷ್ಟ.

ಅಲ್ಲಿಂದ ಮುಂದಿನದು ನೀರಿನ ಕೆಲಸ. ಮೊದಲ ವಾರ ಮಣ್ಣು ತೊಯ್ದೇ ಇರಬೇಕು, ಏಕೆಂದರೆ ಚರಬೀಜಕಣ ಈಜಿಯೇ ಬೇರು ತಲುಪಬೇಕು. ಹಾಕುವ ನೀರನ್ನು ಸ್ವಲ್ಪ ಹುಳಿ ಮಾಡಿ ರಸಸಾರ 6ರಿಂದ 6.5ರ ಆಸುಪಾಸಿನಲ್ಲಿ ಇಡುತ್ತಾರೆ. ಉಷ್ಣತೆ 20ರಿಂದ 25 ಡಿಗ್ರಿ. ರಸಸಾರ 7.2 ದಾಟಿದರೆ ರೋಗ ಕುಗ್ಗುತ್ತದೆ. ಹೊಲಕ್ಕೆ ಸುಣ್ಣ ಹಾಕುವ ಹಳೆಯ ಉಪಾಯದ ಗುಟ್ಟೂ ಇದೇ. ಹಸಿರುಮನೆಯ ನಲ್ಲಿಯಲ್ಲಿ ಗಡಸು ನೀರು ಬರುತ್ತಿದ್ದು, ಯಾರೂ ರಸಸಾರ ನೋಡದೇ ಇದ್ದರೆ, ಇದ್ದಬದ್ದ ತಳಿಗಳೆಲ್ಲ ರೋಗನಿರೋಧಕ ಎಂದು ತೇರ್ಗಡೆಯಾಗಿಬಿಡಬಹುದು.

ಅದಕ್ಕಾಗಿಯೇ ಪ್ರತಿ ಪರೀಕ್ಷೆಯಲ್ಲೂ ರೋಗಕ್ಕೆ ಖಂಡಿತ ಬಲಿಯಾಗುವ ಒಂದು ತಳಿಯನ್ನು ಜೊತೆಗೆ ನೆಡುವುದು ನಿಯಮ. 'ಗ್ರಾನಾಟ್' ಎಂಬ ಚೀನೀ ಕೋಸು ಈ ಕೆಲಸಕ್ಕೆ ಹೆಸರಾಗಿದೆ. ಯಾವ ದೇಶದ ರೋಗಾಣು ತಂದರೂ ಇದರ ಬೇರು ಸಾಮಾನ್ಯವಾಗಿ ಊದಿಕೊಳ್ಳುತ್ತದೆ. ಗ್ರಾನಾಟ್ ಚೆನ್ನಾಗಿ ಗಂಟು ಕಟ್ಟದಿದ್ದರೆ ಇಡೀ ಪರೀಕ್ಷೆಯನ್ನೇ ರದ್ದು ಮಾಡಬೇಕು, ಉಳಿದ ತಳಿಗಳು ಎಷ್ಟೇ ಶುಭ್ರವಾಗಿದ್ದರೂ.

ಅಂಕ ಹಾಕುವುದು

ಆರರಿಂದ ಎಂಟು ವಾರಗಳಿಗೆ ಗಿಡ ಕಿತ್ತು, ಬೇರು ತೊಳೆದು, ಒಂದೊಂದಕ್ಕೂ ಅಂಕ ಕೊಡುತ್ತಾರೆ. ಹೆಚ್ಚು ಬಳಕೆಯ ಮಾಪನದಲ್ಲಿ ಗಂಟೇ ಇಲ್ಲದ್ದಕ್ಕೆ 0, ಬೇರಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಸಣ್ಣ ಗಂಟುಗಳಿದ್ದರೆ 1, ಮೂರನೆಯ ಒಂದರಿಂದ ಎರಡು ಭಾಗದವರೆಗೆ ಇದ್ದರೆ 2, ಅದಕ್ಕೂ ಮೀರಿದರೆ 3. ಎಲ್ಲ ಗಿಡಗಳ ಅಂಕ ಕೂಡಿ, ಬರಬಹುದಾಗಿದ್ದ ಗರಿಷ್ಠ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ರೋಗ ಸೂಚ್ಯಂಕ ಬರುತ್ತದೆ. 24 ಗಿಡಗಳಲ್ಲಿ ಹತ್ತಕ್ಕೆ 0, ಆರಕ್ಕೆ 1, ನಾಲ್ಕಕ್ಕೆ 2, ನಾಲ್ಕಕ್ಕೆ 3 ಎಂದುಕೊಳ್ಳಿ. ಮೊತ್ತ 26, ಗರಿಷ್ಠ 72, ಸೂಚ್ಯಂಕ 36.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುವಂತೆ ಗಂಟು ಕಣ್ಣಿಗೆ ಢಾಳಾಗಿ ಕಾಣುತ್ತದೆ, ಆದರೂ ಅಂಕ ಹಾಕುವುದು ಸುಲಭವಲ್ಲ. ಕನೋಲಾ ಬೇರಿನಲ್ಲಿ ರೋಗಕ್ಕೆ ಸಂಬಂಧವೇ ಇಲ್ಲದ, ಸಂಕರಣ ಗಂಟು ಎಂದು ಕರೆಯುವ ದುಂಡು ಗುಬುಟುಗಳು ಕೆಲವೊಮ್ಮೆ ಮೂಡುತ್ತವೆ. ಕೊಯ್ದು ನೋಡಿದರೆ ಇವುಗಳ ಒಳಗೆ ಗಟ್ಟಿಯಾಗಿ ಒಂದೇ ಸಮ ಇರುತ್ತದೆ, ಕ್ಲಬ್‌ರೂಟ್ ಗಂಟಿನ ಒಳಗು ಮೆತ್ತಗೆ, ಚುಕ್ಕೆ ಚುಕ್ಕೆ. ನಮ್ಮ ಕಡೆಯ ರೈತರಿಗೆ ಹೆಚ್ಚು ಪರಿಚಯವಿರುವುದು ಬೇರುಗಂಟು ಜಂತುಹುಳುವಿನ ಗಂಟು. ಅದು ಎಳೆಬೇರುಗಳ ಉದ್ದಕ್ಕೂ ಮಣಿ ಪೋಣಿಸಿದಂತೆ ಇರುತ್ತದೆ. ಟರ್ನಿಪ್, ಮೂಲಂಗಿ, ರುಟಬಾಗಾಗಳಲ್ಲಿ ಬೇರು ಊದುವುದೇ ಬೆಳೆ, ಹಾಗಾಗಿ ಅಲ್ಲಿ ಮುಖ್ಯ ಗೆಡ್ಡೆಗಿಂತ ಪಕ್ಕದ ಬೇರುಗಳ ಕಡೆ ಹೆಚ್ಚು ಕಣ್ಣಿಡಬೇಕು.

ಇದಕ್ಕಿಂತ ದೊಡ್ಡ ತೊಡಕು ಸೂಚ್ಯಂಕದ್ದೇ. ಒಂದು ತಳಿಯ 24 ಗಿಡಗಳೂ ತಲಾ 1 ಅಂಕ ಪಡೆದವು ಎನ್ನಿ: ಸೂಚ್ಯಂಕ 33. ಇನ್ನೊಂದರಲ್ಲಿ 16 ಗಿಡ ಪೂರ್ತಿ ಶುಭ್ರ, 8 ಗಿಡಕ್ಕೆ 3 ಅಂಕ: ಅಲ್ಲೂ ಸೂಚ್ಯಂಕ 33. ಮೊದಲನೆಯದರಲ್ಲಿ ಹಲವು ಜೀನುಗಳು ಸೇರಿ ಕೊಡುವ ಅರೆಬರೆ ಪ್ರತಿರೋಧ ಇರಬಹುದು. ಎರಡನೆಯದರಲ್ಲಿ ಬೀಜವೇ ಬೆರಕೆಯಾಗಿರಬಹುದು, ಪ್ರಬಲ ಜೀನೊಂದು ಕೆಲವು ಗಿಡಗಳಿಗೆ ಬಂದು ಉಳಿದವಕ್ಕೆ ಬಂದಿಲ್ಲದಿರಬಹುದು, ಇಲ್ಲವೇ ರೋಗಾಣುವಿನಲ್ಲೇ ಎರಡು ಬಗೆ ಇರಬಹುದು. ತಳಿ ಅಭಿವೃದ್ಧಿ ಮಾಡುವವನಿಗೆ ಇವು ಬೇರೆ ಬೇರೆ ಲೋಕಗಳು, ಸಂಖ್ಯೆ ಮಾತ್ರ ಒಂದೇ. ಸೂಚ್ಯಂಕವನ್ನಷ್ಟೇ ಅಚ್ಚುಹಾಕಿ ಗಿಡಗಳ ಹಂಚಿಕೆಯನ್ನು ಬಿಟ್ಟುಬಿಡುವ ವರದಿಗಳನ್ನು ಅರ್ಧ ಮಾತ್ರ ನಂಬಬೇಕು.

ಯಾವ ರೋಗಾಣು?

ಒಂದೇ ತಳಿ ಒಂದು ಜಿಲ್ಲೆಯಲ್ಲಿ ಗಟ್ಟಿಯಾಗಿ ನಿಂತು ಪಕ್ಕದ ಜಿಲ್ಲೆಯಲ್ಲಿ ಸೋಲುವುದು ಮೊದಲಿನಿಂದಲೂ ಕಂಡುಬಂದಿತ್ತು. ರೋಗಾಣುವಿನಲ್ಲೂ ಬಗೆಗಳಿವೆ ಎಂದಾಯಿತು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರ. ಅವುಗಳನ್ನು ಬೇರ್ಪಡಿಸಲು ಇದ್ದ ದಾರಿ, ಗೊತ್ತಿರುವ ಕೆಲವು ತಳಿಗಳ ಮೇಲೆ ಬಿಟ್ಟು ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ನೋಡುವುದು. ಇಂಥ ತಳಿಗಳಿಗೆ ಭೇದಸೂಚಕ ತಳಿಗಳು ಎಂದು ಹೆಸರು. ಇಲ್ಲಿ ಪರೀಕ್ಷೆ ತಿರುಗಿ ನಿಲ್ಲುತ್ತದೆ. ಗಿಡವನ್ನು ಪರೀಕ್ಷಿಸಲು ರೋಗಾಣು ಬೇಕು, ರೋಗಾಣುವನ್ನು ಗುರುತಿಸಲು ಗಿಡ ಬೇಕು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಾಲ್ ವಿಲಿಯಮ್ಸ್ 1966ರಲ್ಲಿ ನಾಲ್ಕೇ ತಳಿಗಳ ಸರಳ ವ್ಯವಸ್ಥೆಯೊಂದನ್ನು ಮುಂದಿಟ್ಟ. ಜರ್ಸಿ ಕ್ವೀನ್, ಬ್ಯಾಜರ್ ಶಿಪ್ಪರ್ ಎಂಬ ಎರಡು ಎಲೆಕೋಸು, ಲಾರೆಂಷಿಯನ್, ವಿಲ್ಹೆಲ್ಮ್ಸ್‌ಬರ್ಗರ್ ಎಂಬ ಎರಡು ರುಟಬಾಗಾ. ಒಂದೊಂದಕ್ಕೂ ರೋಗ ಬಂತು, ಬರಲಿಲ್ಲ ಎಂಬ ಎರಡೇ ಉತ್ತರ, ಹಾಗಾಗಿ ಒಟ್ಟು 16 ಬಗೆ ಸಾಧ್ಯ. (ಶಾಲೆಯ ಮಕ್ಕಳು ಆರು ವಾರದೊಳಗೆ ಬೀಜದಿಂದ ಬೀಜದವರೆಗೆ ಬೆಳೆಸಿ ನೋಡುವ, ಫಾಸ್ಟ್ ಪ್ಲಾಂಟ್ಸ್ ಎಂದು ಹೆಸರಾದ ಪುಟ್ಟ ಬ್ರಾಸಿಕಾ ಗಿಡವನ್ನು ರೂಪಿಸಿದವನೂ ಇವನೇ.)

1975ರಲ್ಲಿ ಬಂದ ಯುರೋಪಿನ ವ್ಯವಸ್ಥೆ ದೊಡ್ಡದು: 15 ತಳಿಗಳು, ಐದೈದರ ಮೂರು ಗುಂಪು. ಟರ್ನಿಪ್ ಮತ್ತು ಚೀನೀ ಕೋಸಿನ ಜಾತಿಯಾದ ಬ್ರಾಸಿಕಾ ರಾಪಾದ ಐದು, ರೇಪ್ ಮತ್ತು ರುಟಬಾಗಾ ಸೇರುವ ಬ್ರಾಸಿಕಾ ನೇಪಸ್‌ನ ಐದು, ಎಲೆಕೋಸಿನ ಬಳಗವಾದ ಬ್ರಾಸಿಕಾ ಒಲರೇಸಿಯಾದ ಐದು. ಪ್ರತಿ ಗುಂಪಿನ ತಳಿಗಳಿಗೆ ಕ್ರಮವಾಗಿ 1, 2, 4, 8, 16 ಎಂಬ ಬೆಲೆ. ರೋಗ ಬಂದವುಗಳ ಬೆಲೆಯನ್ನು ಕೂಡಿ, ಮೂರು ಗುಂಪಿಗೆ ಮೂರು ಸಂಖ್ಯೆ ಬರೆಯುವುದು. 16/31/31 ಎಂದು ಬರೆದಿದ್ದರೆ ಮೊದಲ ಗುಂಪಿನಲ್ಲಿ ಐದನೆಯ ತಳಿಗೆ ಮಾತ್ರ, ಉಳಿದೆರಡು ಗುಂಪಿನಲ್ಲಿ ಎಲ್ಲಕ್ಕೂ ರೋಗ ಬಂತೆಂದು ಅರ್ಥ. ಆ ಐದನೆಯದೇ ಮೇಲೆ ಹೇಳಿದ ಗ್ರಾನಾಟ್. ಅದೇ ಗುಂಪಿನಲ್ಲಿ ರೋಗ ತಪ್ಪಿಸಿಕೊಂಡ ಮೊದಲ ನಾಲ್ಕು ಯುರೋಪಿನ ಮೇವಿನ ಟರ್ನಿಪ್‌ಗಳು. ಹೀಗೆ ಒಂದು ಸಾಲಿನ ಸಂಕೇತ ರೋಗಾಣುವಿನ ಗುರುತು ಹೇಳುವುದರ ಜೊತೆಗೆ ತಳಿ ಅಭಿವೃದ್ಧಿಗೆ ಎಲ್ಲಿ ಹುಡುಕಬೇಕೆಂಬುದನ್ನೂ ಹೇಳಿಬಿಡುತ್ತದೆ.

ಆದರೆ 15 ತಳಿಗಳನ್ನು ಸಾಕಿಕೊಳ್ಳುವುದು ದುಬಾರಿ. ಫ್ರಾನ್ಸಿನಲ್ಲಿ 1996ರಲ್ಲಿ ಮೂರೇ ತಳಿಗಳ ವ್ಯವಸ್ಥೆ ಬಂತು. ಜಪಾನು, ಚೀನಾಗಳು ತಮ್ಮ ಚೀನೀ ಕೋಸಿನ ತಳಿಗಳನ್ನಿಟ್ಟುಕೊಂಡು ತಮ್ಮದೇ ಪಟ್ಟಿ ಮಾಡಿಕೊಂಡವು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ. ಒಂದು ದೇಶದ ಮೂರನೆಯ ಬಗೆ ಇನ್ನೊಂದು ದೇಶದ ಪಟ್ಟಿಯಲ್ಲಿ ಏನಾಗುತ್ತದೆಂದು ತಿಳಿಯಲು ಮತ್ತೆ ಬಿತ್ತಿಯೇ ನೋಡಬೇಕು.

ಇನ್ನೊಂದು ಗೋಜಲು ಗಂಟಿನ ಒಳಗೇ ಇದೆ. ಒಂದೇ ಗಂಟಿನಲ್ಲಿ ಹಲವು ಬಗೆಯ ರೋಗಾಣು ಒಟ್ಟಿಗೆ ಇರಬಹುದು, ರುಬ್ಬಿದ ದ್ರಾವಣದಲ್ಲಿ ಅವೆಲ್ಲ ಬೆರೆತಿರುತ್ತವೆ. ಅದಕ್ಕೆ ಒಂದೇ ಒಂದು ಬೀಜಕಣವನ್ನು ಬೇರ್ಪಡಿಸಿ, ಅದೊಂದರಿಂದಲೇ ಸಸಿಗೆ ಸೋಂಕು ಹತ್ತಿಸಿ, ಬಂದ ಗಂಟಿನಿಂದ ಶುದ್ಧ ವಂಶ ಬೆಳೆಸುವ ಪದ್ಧತಿ ಬಂತು. ಬಹುಪಾಲು ಪ್ರಯತ್ನಗಳು ವಿಫಲವಾಗುವ, ತಾಳ್ಮೆ ಬೇಡುವ ಕೆಲಸ ಇದು. ಅಷ್ಟಾದರೂ ಹೊಲದಲ್ಲಿ ಗಿಡ ಎದುರಿಸಬೇಕಾದದ್ದು ಬೆರಕೆಯನ್ನೇ, ಆದ್ದರಿಂದ ಶುದ್ಧ ವಂಶದ ಮೇಲೆ ಪಾಸಾದ ತಳಿಯನ್ನು ಹೊಲದ ಬೆರಕೆಯ ಮೇಲೂ ನೋಡಲೇಬೇಕು.

ಕೆನಡಾದ ಪ್ರಕರಣ

ಪರೀಕ್ಷೆಯ ಬಲ, ಮಿತಿ ಎರಡೂ ಒಟ್ಟಿಗೆ ಕಂಡದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಅಲ್ಲಿ ಕನೋಲಾ ಮುಖ್ಯ ವಾಣಿಜ್ಯ ಬೆಳೆ. 2003ರಲ್ಲಿ ಎಡ್ಮಂಟನ್ ನಗರದ ಹತ್ತಿರ ಹನ್ನೆರಡು ಕನೋಲಾ ಹೊಲಗಳಲ್ಲಿ ಕ್ಲಬ್‌ರೂಟ್ ಕಂಡುಬಂತು. ಉಳುವ, ಬಿತ್ತುವ ಯಂತ್ರಗಳಿಗೆ ಮೆತ್ತಿದ ಮಣ್ಣಿನೊಂದಿಗೆ ಹೊಲದಿಂದ ಹೊಲಕ್ಕೆ ಹರಡಿ, ಮುಂದೆ ರೋಗ ಸಾವಿರಾರು ಹೊಲ ತಲುಪಿತು. ಅಲ್ಲಿ ಹೆಚ್ಚಾಗಿದ್ದದ್ದು ವಿಲಿಯಮ್ಸ್ ಪಟ್ಟಿಯ 3ನೆಯ ಬಗೆ. ಅದಕ್ಕೆ ಎದುರಾಗಿ ಪರೀಕ್ಷಿಸಿ ಪಾಸಾದ ಮೊದಲ ರೋಗನಿರೋಧಕ ಕನೋಲಾ ಹೈಬ್ರಿಡ್ 45ಎಚ್29 ಹೆಸರಿನಲ್ಲಿ 2009ರಲ್ಲಿ ಮಾರುಕಟ್ಟೆಗೆ ಬಂತು. ಬೇರೆ ಕಂಪನಿಗಳೂ ಬೆನ್ನಿಗೇ ಬಂದವು. ರೈತರು ನಿಟ್ಟುಸಿರು ಬಿಟ್ಟು, ಹಲವೆಡೆ ಬೆಳೆ ಬದಲಾವಣೆಯನ್ನೂ ಬಿಟ್ಟು, ಕನೋಲಾದ ಮೇಲೆ ಕನೋಲಾ ಬಿತ್ತಿದರು.

2013ರಲ್ಲಿ, ನಾಲ್ಕೇ ವರ್ಷಕ್ಕೆ, ರೋಗನಿರೋಧಕ ತಳಿಯ ಬೇರಿನಲ್ಲೇ ದೊಡ್ಡ ಗಂಟುಗಳು ಸಿಕ್ಕವು. ಆಲ್ಬರ್ಟಾ ವಿಶ್ವವಿದ್ಯಾಲಯದ ಸ್ಟೀಫನ್ ಸ್ಟ್ರೆಲ್ಕೋವ್ ತಂಡ ಆ ರೋಗಾಣುಗಳನ್ನು ವಿಲಿಯಮ್ಸ್ ಪಟ್ಟಿಯಲ್ಲಿಟ್ಟು ನೋಡಿದಾಗ ಬಂದ ಉತ್ತರ 5. ಆದರೆ 5ನೆಯ ಬಗೆ ಅಲ್ಲಿ ಮೊದಲಿನಿಂದಲೂ ಗೊತ್ತಿತ್ತು, ಅದು ಈ ಹೈಬ್ರಿಡ್‌ಗಳನ್ನು ಮುಟ್ಟುತ್ತಿರಲಿಲ್ಲ. ಹೊಸದಕ್ಕೆ ತಾತ್ಕಾಲಿಕವಾಗಿ 5ಎಕ್ಸ್ ಎಂದು ಹೆಸರಿಟ್ಟರು. ದೋಷವಿದ್ದದ್ದು ಅಳತೆಗೋಲಿನಲ್ಲಿ. ರೈತ ಬಿತ್ತುತ್ತಿರುವ ತಳಿಯೇ ಭೇದಸೂಚಕ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ತಳಿಯನ್ನು ಸೋಲಿಸುವ ಗುಣ ಪಟ್ಟಿಗೆ ಕಾಣುವುದಾದರೂ ಹೇಗೆ?

2018ರಲ್ಲಿ ಪ್ರಕಟವಾದ ಕೆನಡಾದ ಹೊಸ ಪಟ್ಟಿ ಈ ತಪ್ಪನ್ನು ತಿದ್ದಿತು. ಅದರ 13 ತಳಿಗಳಲ್ಲಿ ಹಳೆಯ ಪಟ್ಟಿಗಳಿಂದ ಆಯ್ದವುಗಳ ಜೊತೆಗೆ 45ಎಚ್29, ಯುರೋಪಿನ ರೋಗನಿರೋಧಕ ರೇಪ್ ತಳಿ ಮೆಂಡೆಲ್, ಯಾವ ಪ್ರತಿರೋಧವೂ ಇಲ್ಲದ ವೆಸ್ಟಾರ್ ಕನೋಲಾ ಇವೆ. ಹಳೆಯ ವಿಲಿಯಮ್ಸ್ ಸಂಖ್ಯೆಯ ಮುಂದೆ ಒಂದು ಅಕ್ಷರ ಸೇರಿಸುವುದು ಇದರ ಕ್ರಮ. ಹಾಗೆ ನೋಡಿದಾಗ ಒಂದೇ ಎಂದುಕೊಂಡಿದ್ದ 3ನೆಯ ಬಗೆಯಲ್ಲಿ, ರೋಗನಿರೋಧಕ ಕನೋಲಾದ ಮುಂದೆ ಸೋಲುವ 3ಎಚ್, ಅದನ್ನು ಮೀರುವ 3ಎ ಎಂಬ ಬೇರೆ ಬೇರೆ ಬಗೆಗಳು ಕಂಡವು.

ಜೀನುಗಳ ನೆರವು

ರೋಗನಿರೋಧಕ ಜೀನುಗಳ ಮುಖ್ಯ ಗಣಿ ಯುರೋಪಿನ ಮೇವಿನ ಟರ್ನಿಪ್‌ಗಳು: ಗೆಲ್ರಿಯಾ, ಸಿಲೋಗಾ, ಮಿಲಾನ್ ವೈಟ್, ಡೆಬ್ರಾ. ಜಪಾನಿನ ತಳಿ ಅಭಿವೃದ್ಧಿಕಾರರು ಇವುಗಳ ಪ್ರತಿರೋಧವನ್ನು ಚೀನೀ ಕೋಸಿಗೆ ತಂದರು. ಜರ್ಮನಿಯಲ್ಲಿ ಟರ್ನಿಪ್ ಮತ್ತು ಎಲೆಕೋಸಿನ ಬಳಗದ ಗಿಡವನ್ನು ಕೂಡಿಸಿ ರೇಪ್ ಜಾತಿಯನ್ನೇ ಹೊಸದಾಗಿ ಸೃಷ್ಟಿಸಿ, ಅದರ ಮೂಲಕ ಮೆಂಡೆಲ್ ತಳಿಗೆ ಪ್ರತಿರೋಧ ಸಾಗಿಸಿದರು. ಇದು ಸಾಧ್ಯವಾದದ್ದು ರೇಪ್ ಎಂಬುದೇ ಟರ್ನಿಪ್ ಮತ್ತು ಕೋಸಿನ ಜಾತಿಗಳು ಸೇರಿ ಹುಟ್ಟಿದ್ದು ಎಂದು ನಾಗಹಾರು ಊ ಎಂಬ ವಿಜ್ಞಾನಿ 1935ರಲ್ಲಿ ತೋರಿಸಿಕೊಟ್ಟಿದ್ದರಿಂದ. ಕೋಸಿನ ಜಾತಿಯೊಳಗೇ ಪ್ರಬಲ ಜೀನುಗಳು ಅಪರೂಪ, ಅಲ್ಲಿ ಪ್ರತಿರೋಧ ಹೆಚ್ಚಾಗಿ ಹಲವು ಜೀನುಗಳ ಸಣ್ಣ ಸಣ್ಣ ಕೊಡುಗೆ. ಕಪ್ಪು ಸಾಸಿವೆಯಲ್ಲೂ ಪ್ರತಿರೋಧದ ಜೀನು ಸಿಕ್ಕಿದೆ.

ಸಿಆರ್‌ಎ, ಸಿಆರ್‌ಆರ್1ಎ ಮೊದಲಾದ ಜೀನುಗಳ ಅನುಕ್ರಮ 2012–13ರ ಹೊತ್ತಿಗೆ ತಿಳಿದ ಮೇಲೆ ಡಿಎನ್‌ಎ ಮಾರ್ಕರ್‌ಗಳ ಬಳಕೆ ಹೆಚ್ಚಿತು. ಎಲೆಯ ಒಂದು ತುಣುಕಿನಿಂದ ಜೀನು ಇದೆಯೇ ಎಂದು ಎರಡು ದಿನದಲ್ಲಿ ತಿಳಿಯುತ್ತದೆ, ಎಂಟು ವಾರ ಕಾಯಬೇಕಿಲ್ಲ. ಸಾವಿರಾರು ಸಸಿಗಳನ್ನು ಜರಡಿ ಹಿಡಿಯಲು ಇದು ಅನುಕೂಲ. ಆದರೆ ಜೀನು ಇದೆ ಎಂಬುದು, ಈಗ ಹೊಲದಲ್ಲಿರುವ ರೋಗಾಣುವಿನ ಮುಂದೆ ಆ ಜೀನು ನಿಲ್ಲುತ್ತದೆ ಎಂಬ ಭರವಸೆಯಲ್ಲ. ಚೀನಾದ ವಿಜ್ಞಾನಿಗಳು 2023ರಲ್ಲಿ 'ಸೆಲ್' ಪತ್ರಿಕೆಯಲ್ಲಿ ವೈಟ್ಸಿಂಗ್ ಎಂಬ ಜೀನನ್ನು ವಿವರಿಸಿದರು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸಿಕ್ಕ ಇದು ಬೇರಿನ ನಡುವಿನ ನಾಳಗಳನ್ನು ಸುತ್ತಿರುವ ಕೋಶಗಳಲ್ಲಿ ಕ್ಯಾಲ್ಸಿಯಂ ಹರಿಯುವ ದಾರಿಯೊಂದನ್ನು ತೆರೆದು ರಕ್ಷಣೆಯನ್ನು ಎಚ್ಚರಿಸುತ್ತದೆ, ಹಲವು ಬಗೆಯ ರೋಗಾಣುಗಳ ಎದುರು ನಿಲ್ಲುತ್ತದೆ. ರೈತನ ಬೆಳೆಗೆ ಬಂದಾಗ ಅದೂ ಕುಂಡದ ಪರೀಕ್ಷೆಯನ್ನು ದಾಟಲೇಬೇಕು.

ಭಾರತದಲ್ಲಿ

ಭಾರತದಲ್ಲಿ ಈ ರೋಗ ದಾರ್ಜಿಲಿಂಗ್ ಬೆಟ್ಟಗಳಲ್ಲಿ, ಪಶ್ಚಿಮ ಬಂಗಾಳದ ಸಾಸಿವೆ ಹೊಲಗಳಲ್ಲಿ, ನೀಲಗಿರಿಯಲ್ಲಿ ವರದಿಯಾಗಿದೆ. ಬಂಗಾಳದ ಸಾಸಿವೆಯ ವರದಿ 1985ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ನೀಲಗಿರಿಯಲ್ಲಿ ನವಿಲುಕೋಸಿಗೂ ರೋಗ ಬಂದದ್ದು 1999ರಲ್ಲಿ ದಾಖಲಾಯಿತು. ತಂಪು ಹವೆ, ಹುಳಿ ಮಣ್ಣು, ಧಾರಾಳ ಮಳೆ, ವರ್ಷವಿಡೀ ಕೋಸು: ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ತರಕಾರಿ ತೋಟಗಳಿರುವ ಆ ಬೆಟ್ಟದ ಇಳಿಜಾರುಗಳಲ್ಲಿ ರೋಗಕ್ಕೆ ಬೇಕಾದದ್ದೆಲ್ಲ ಇದೆ. ಹೊರದೇಶದಲ್ಲಿ ರೋಗನಿರೋಧಕ ಎಂದು ಮುದ್ರೆ ಬಿದ್ದ ಬೀಜ ಇಲ್ಲಿ ನಿಲ್ಲುತ್ತದೆಯೇ ಎಂಬುದಕ್ಕೆ ಆ ಮುದ್ರೆಯಲ್ಲಿ ಉತ್ತರವಿಲ್ಲ. ಇಲ್ಲಿನ ಗಂಟನ್ನೇ ರುಬ್ಬಿ, ಇಲ್ಲಿನ ಸಸಿಗೇ ಹಾಕಿ ನೋಡಬೇಕು.

ಪರೀಕ್ಷೆ ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಕುಂಡದ ಮಣ್ಣು, ಕಿತ್ತ ಬೇರು, ಹರಿದುಬಂದ ನೀರು, ಎಲ್ಲದರಲ್ಲೂ ಬೀಜಕಣ. ಮಣ್ಣನ್ನೂ ಬೇರನ್ನೂ ಒತ್ತಡದ ಹಬೆಯಲ್ಲಿ ಬೇಯಿಸಿ, ಪ್ರೋಟ್ರೇ, ಕುಂಡಗಳನ್ನು ಬ್ಲೀಚ್ ನೀರಿನಲ್ಲಿ ನೆನೆಹಾಕಿ, ಚಪ್ಪಲಿಯ ತಳ ಉಜ್ಜಿ ತೊಳೆದ ಮೇಲೆಯೇ ಹಸಿರುಮನೆಯ ಬಾಗಿಲು ದಾಟುವುದು.